ಹಿಂಬದಿಯಲ್ಲಿ ಏನಿದೆ

ಕೆಲಸದ ಶಿಬಿರ,
14 ಮೇ 1917

ಸ್ಕೆಲ್‌ಬೆಕ್ ಪುರಸಭಾ ಗ್ರಂಥಾಲಯದ ಗ್ರಂಥಪಾಲಕರಿಗೆ,

ಮಾನ್ಯರೇ,

ಪತ್ರಿಕೆಯಲ್ಲಿ ನೀವು ಹಾಕಿಸಿದ ಪ್ರಕಟಣೆ ಓದಿದೆ. ಅದು ನನ್ನವರೆಗೆ ಬಂದ ದಾರಿ ಸ್ವಲ್ಪ ಸುತ್ತಿನದು. ಅಮ್ಮ ಪಾರ್ಕಿನ್ ಕೇಕು ಮಾಡಿ ಕಳಿಸಿದ್ದಳು. ಶುಂಠಿ ಧಾರಾಳವಾಗಿತ್ತು, ಸಿಹಿ ಮಾತ್ರ ಹೆಸರಿಗಷ್ಟೇ. ನಾವು ಎಂಟು ಜನ ಹಂಚಿಕೊಂಡು ತಿಂದೆವು. ಕೇಕು ಎರಡು ನಿಮಿಷಕ್ಕೆ ಮುಗಿಯಿತು, ಅದನ್ನು ಸುತ್ತಿದ್ದ ನಮ್ಮೂರ ಪತ್ರಿಕೆಯ ಹಾಳೆ ಮಾತ್ರ ಮೂರು ದಿನ ಬಾಳಿತು. ಅದರ ಮೂಲೆಯಲ್ಲಿ ನಿಮ್ಮ ಮಾತು ಕಂಡಿತು: “ಯುದ್ಧಕಾಲದ ಯಾವ ಕಾಗದವನ್ನೂ ಎಸೆಯಬೇಡಿ. ಟ್ರಾಮ್ ಟಿಕೆಟು, ಅಂಗಡಿಯ ಚೀಟಿ, ಕರಪತ್ರ, ಬೇಕರಿಯ ಬೋರ್ಡು, ಏನಿದ್ದರೂ ಗ್ರಂಥಾಲಯಕ್ಕೆ ತನ್ನಿ. ನೂರು ವರ್ಷದ ನಂತರ ಚರಿತ್ರೆ ಬರೆಯುವವರಿಗೆ ಬೇಕಾಗುತ್ತದೆ. ನಾವು ಏನನ್ನೂ ಆರಿಸುವುದಿಲ್ಲ, ಎಲ್ಲವನ್ನೂ ಇಡುತ್ತೇವೆ.”

ಎಲ್ಲವನ್ನೂ ಎಂದರೆ ಎಲ್ಲವನ್ನೂ ಅಂತಲೇ?

ಹಾಗಾದರೆ ಇದರ ಜೊತೆಗಿರುವುದನ್ನು ಸ್ವೀಕರಿಸಿ. ಶಿಬಿರದ ಹತ್ತಿರದ ಹಳ್ಳಿಯಲ್ಲಿ ತಂಬಾಕಿನ ಅಂಗಡಿಯೊಂದಿದೆ. ಮನುಷ್ಯರನ್ನು ಕೊಲ್ಲಲಾರೆವು, ಸೈನ್ಯಕ್ಕೆ ಸೇರಲಾರೆವು ಎಂದು ಜೈಲು ಸೇರಿ, ಅಲ್ಲಿಂದ ಇಲ್ಲಿ ಕಲ್ಲು ಒಡೆಯಲು ಬಂದ ನಮ್ಮಂಥವರಿಗಾಗಿಯೇ ಅಂಗಡಿಯವನು ಕಿಟಕಿಗೆ ಇದನ್ನು ಅಂಟಿಸಿದ್ದ: “ಹೇಡಿಗಳಿಗೆ ಇಲ್ಲಿ ವ್ಯಾಪಾರವಿಲ್ಲ. ನಾಯಿಗಳು ಬರಬಹುದು.” ಮಳೆಗೆ ಒಂದು ಮೂಲೆ ಎದ್ದಿತ್ತು. ಉಳಿದ ಮೂರನ್ನು ನಾನು ಎಬ್ಬಿಸಿದೆ.

ಹೋದ ವರ್ಷ ಮಾರ್ಚಿನಿಂದ ನೀವು ನನಗೆ ಒಂದು ಸಾಲೂ ಬರೆದಿಲ್ಲ. ಮಗನಿಗೆ ಬರೆಯದಿದ್ದರೆ ಬೇಡ, ದಾನ ಕೊಟ್ಟವನಿಗೆ ರಸೀತಿ ಕಳಿಸಲೇಬೇಕೆಂಬ ನಿಯಮ ಗ್ರಂಥಾಲಯದಲ್ಲಿ ಇದೆಯಲ್ಲ?

ಇಂತಿ ದಾನಿ,
ಹೆಡ್ಲಿ ಸಗ್ಡನ್
(ಹಿಂದೆ ನಿಮ್ಮ ಮನೆಯ ಮೇಲಿನ ಕೋಣೆಯಲ್ಲಿದ್ದವನು)


ಸ್ಕೆಲ್‌ಬೆಕ್ ಪುರಸಭಾ ಗ್ರಂಥಾಲಯ, ಯುದ್ಧಕಾಲದ ಸಂಗ್ರಹ
ಸ್ವೀಕೃತಿ ಚೀಟಿ ಸಂಖ್ಯೆ 611
22 ಮೇ 1917

ಕೊಟ್ಟವರು: ಶ್ರೀ ಹೆಡ್ಲಿ ಸಗ್ಡನ್
ವಸ್ತು: ಅಂಗಡಿಯ ಪ್ರಕಟಣೆ, ಕೈಬರಹ, ಒಂದು ಹಾಳೆ
ಎಲ್ಲಿತ್ತು: ತಂಬಾಕಿನ ಅಂಗಡಿಯ ಕಿಟಕಿಯಲ್ಲಿ
ಬಂದ ಸ್ಥಿತಿ: ಒದ್ದೆಯಾಗಿ ಒಣಗಿದೆ, ಓದಬಹುದು
ಹಿಂಬದಿಯಲ್ಲಿ ಏನಿದೆ: ಏನೋ ಅಚ್ಚಾಗಿದೆ, ಅಂಟು ಮೆತ್ತಿ ತಿಳಿಯುತ್ತಿಲ್ಲ
ತೀರ್ಮಾನ: ಇಟ್ಟುಕೊಳ್ಳಲಾಗಿದೆ

ಮಾನ್ಯರೇ, ಹಿಂಬದಿಯಲ್ಲಿ ಏನಿತ್ತೆಂಬುದು ದಾನಿಗಳಿಗೆ ಗೊತ್ತಿದ್ದರೆ ದಯವಿಟ್ಟು ತಿಳಿಸುವುದು. ಅಂಟು ಯಾವುದರದು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಏಬೆಲ್ ಸಗ್ಡನ್, ಗ್ರಂಥಪಾಲಕ


ಕೆಲಸದ ಶಿಬಿರ,
17 ಜೂನ್ 1917

ಮಾನ್ಯ ಗ್ರಂಥಪಾಲಕರೇ,

ಹದಿನಾಲ್ಕು ತಿಂಗಳ ನಂತರ ನಿಮ್ಮ ಕೈಬರಹ ನೋಡಿದೆ. ಅದರಲ್ಲಿ ಅಂಟಿನ ವಿಚಾರಣೆ ಇತ್ತು! ನಕ್ಕುಬಿಟ್ಟೆ. ಪಕ್ಕದ ಮಂಚದವನು ಏನೆಂದು ಕೇಳಿದ. “ನಮ್ಮಪ್ಪ ಕ್ಷೇಮವಾಗಿದ್ದಾರೆ, ಏನೂ ಬದಲಾಗಿಲ್ಲ” ಎಂದೆ.

ಕೇಳಿದಿರೆಂದು ಅಂಗಡಿಗೇ ಹೋದೆ. ಅಂಗಡಿಯವನು ಬಾಗಿಲಲ್ಲೇ ತಡೆದ.

“ಬೋರ್ಡು ಕಿತ್ತೋನು ನೀನೇ ತಾನೆ?”

“ಹೌದು. ನಮ್ಮೂರ ಲೈಬ್ರರಿಗೆ ಕಳಿಸ್ದೆ. ನಂಬರ್ ಹಾಕಿ ಕಪಾಟಲ್ಲಿ ಇಟ್ಟಿದ್ದಾರೆ. ನೂರು ವರ್ಷ ಆದ್ಮೇಲೂ ನಿಮ್ಮ ಅಕ್ಷರ ಜನ ಓದ್ತಾರೆ.”

ಅವನಿಗೆ ಬೈಯಬೇಕೋ ಹಿಗ್ಗಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, “ಗೊತ್ತಿದ್ರೆ ಸ್ವಲ್ಪ ದುಂಡಗೆ ಬರೀತಿದ್ದೆ” ಎಂದ. ಅಂಟು ಹಿಟ್ಟಿನದಂತೆ. ರೊಟ್ಟಿಗೇ ಹಿಟ್ಟಿಲ್ಲದ ಕಾಲದಲ್ಲಿ ನಮ್ಮನ್ನು ದೂರವಿಡಲು ಒಂದು ಚಮಚ ಖರ್ಚು ಮಾಡಿದ್ದಾನೆ, ನಮಗೆ ಅಷ್ಟು ಬೆಲೆ ಇದೆಯೆಂದು ಗೊತ್ತಿರಲಿಲ್ಲ. ಹಿಂಬದಿಯಲ್ಲಿದ್ದುದು ಚರ್ಚಿನ ಪ್ರಾರ್ಥನಾ ಸಭೆಯ ಆಹ್ವಾನ, ಮುಂಚೂಣಿಯಲ್ಲಿರುವ ಹಳ್ಳಿಯ ಹನ್ನೊಂದು ಹುಡುಗರಿಗಾಗಿ. ಅವರಲ್ಲಿ ಒಬ್ಬ ಅವನ ತಮ್ಮನಂತೆ. ಇದನ್ನು ಕೇಳಿದ ಮೇಲೆ ಬೋರ್ಡಿನ ಮೇಲಿನ ಸಿಟ್ಟು ಅರ್ಧಕ್ಕೆ ಇಳಿಯಿತು. ನೀವು ಹಿಂಬದಿ ಯಾಕೆ ಕೇಳುತ್ತೀರೆಂದು ಈಗ ಸ್ವಲ್ಪ ಹೊಳೆಯುತ್ತಿದೆ.

ಇನ್ನೊಂದು ಕಾಗದದ ಮಾತು. ಹೋದ ವರ್ಷ ಸೈನ್ಯಸೇವೆಯಿಂದ ಬಿಡುಗಡೆ ಕೊಡುವ ವಿನಾಯಿತಿ ಮಂಡಳಿಯ ಮುಂದೆ ನಾನು ನಿಂತಾಗ ಅಧ್ಯಕ್ಷ ಕ್ರ್ಯಾಬ್‌ಟ್ರೀ ಕೇಳಿದ್ದು ಒಂದೇ ಪ್ರಶ್ನೆ: “ಯುದ್ಧ ಪಾಪ ಅನ್ನೋದು ನಿನಗೆ ಯಾವಾಗ ಹೊಳೀತಪ್ಪಾ? ಸೈನ್ಯದ ಕರೆ ಬಂದ ದಿನಾನಾ?” ಚಿಕ್ಕಂದಿನಿಂದಲೂ ಹಾಗೇ ಎಂದೆ. ಒಂದು ನಿದರ್ಶನ ಕೊಡು ಎಂದರು. ಏನೂ ನೆನಪಾಗಲಿಲ್ಲ. ತೊಟ್ಟಿಲಿನ ನೆನಪುಗಳನ್ನು ಯಾರು ದಿನಾಂಕ ಹಾಕಿ ಇಟ್ಟಿರುತ್ತಾರೆ? ಆಗ ಅವರು ಒಂದು ಹಾಳೆ ಎತ್ತಿ ತೋರಿಸಿದರು. “ನಿನ್ನನ್ನ ಹತ್ತಿರದಿಂದ ಬಲ್ಲವರೊಬ್ಬರು ಬರೆದಿದ್ದಾರೆ. ಇಂಥ ಅಭಿಪ್ರಾಯ ನಿನ್ನ ಬಾಯಲ್ಲಿ ಅವರು ಯಾವತ್ತೂ ಕೇಳಿಲ್ಲವಂತೆ.” ಅಲ್ಲಿಗೆ ಮುಗಿಯಿತು. ಅದನ್ನು ಬರೆದವರು ನಮ್ಮ ಅಚ್ಚುಕೂಟದ ಯಜಮಾನ ಹೋಲ್‌ರಾಯ್ಡ್ ಎಂದು ನನಗೆ ಖಾತ್ರಿಯಿದೆ. ಆರು ವರ್ಷ ಅವರ ಪಕ್ಕದಲ್ಲೇ ನಿಂತು ಅಚ್ಚುಮೊಳೆ ಜೋಡಿಸಿದೆ. ಅವರಿಗಿಂತ ಹತ್ತಿರದಿಂದ ಬಲ್ಲವರು ಇನ್ಯಾರು? ಆ ಹಾಳೆ ನಿಮ್ಮ ಸಂಗ್ರಹಕ್ಕೆ ಬಂದರೆ ನನಗೆ ಒಂದು ಮಾತು ತಿಳಿಸಿ.

ಇಂತಿ,
ಹೆಡ್ಲಿ


ಸ್ಕೆಲ್‌ಬೆಕ್,
9 ಆಗಸ್ಟ್ 1917

ಮಾನ್ಯ ಹೆಡ್ಲಿಯವರೇ,

ಚೀಟಿಯಲ್ಲಿ ಜಾಗ ಸಾಲದ್ದರಿಂದ ಪ್ರತ್ಯೇಕ ಹಾಳೆ ಬಳಸಿದ್ದೇನೆ. ತಾವು ಒದಗಿಸಿದ ವಿವರಗಳು 611ನೇ ಸಂಖ್ಯೆಗೆ ಸೇರಿವೆ. ದಾನಿಗಳು ಇಷ್ಟು ಶ್ರದ್ಧೆ ತೋರಿಸುವುದು ಅಪರೂಪ, ಸಾಮಾನ್ಯವಾಗಿ ನಮ್ಮ ಬಾಗಿಲಿಗೆ ಬರುವವರ ಕಥೆಯೇ ಬೇರೆ.

ಹೋದ ಮಂಗಳವಾರ ಮುದುಕಿ ಬಾಟಮ್ಲಿ ಒಂದು ಗಂಟು ತಂದಳು. ಬಿಚ್ಚಿ ನೋಡಿದರೆ ನಲವತ್ತು ವರ್ಷದ ಹಿಂದೆ ಗಂಡ ಬರೆದ ಪತ್ರಗಳು. ನನ್ನ ಸಹಾಯಕಿ ಮಿಸ್ ಟಾರ್ಡಾಫ್, “ಅಮ್ಮಾ, ನಾವು ಯುದ್ಧಕಾಲದ್ದು ಮಾತ್ರ ತಗೊಳ್ಳೋದು” ಎಂದಳು. “ಇದೂ ಯುದ್ಧಕಾಲದ್ದೇ ಕಣಮ್ಮಾ, ಮದುವೆ ಆದಾಗಿಂದ ನಮ್ಮ ಮನೇಲಿ ನಿಂತಿದ್ದು ಯಾವಾಗ?” ಎಂದು ಗಂಟನ್ನು ಅಲ್ಲೇ ಬಿಟ್ಟು ಹೋದಳು. ಕಟುಕ ಸ್ಯಾಮ್ ತನ್ನ ಬೋರ್ಡು ಕೊಟ್ಟ: “ಮಾಂಸ ಇಲ್ಲ. ಯಾವಾಗ ಬರುತ್ತದೋ ಗೊತ್ತಿಲ್ಲ. ಕೇಳಿದವರಿಗೆ ಇನ್ನೂ ತಡವಾಗಿ ಬರುತ್ತದೆ.” ಟ್ರಾಮ್ ಟಿಕೆಟುಗಳು ಎರಡು ಡಬ್ಬಿ ತುಂಬಿವೆ. ಜೋಡಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮೊದಲು ಬೆಳಗಿನ ಆರರ ಟ್ರಾಮಿನ ಟಿಕೆಟುಗಳನ್ನು ಗಂಡಸರು ಮಡಿಸಿ ಟೋಪಿಗೆ ಸಿಕ್ಕಿಸುತ್ತಿದ್ದರು, ಮಡಿಕೆಯ ಗುರುತು ಅಡ್ಡಕ್ಕೆ. ಈಗ ಕೈಗವಸಿನೊಳಗೆ ಇಟ್ಟ ಮಡಿಕೆ, ಉದ್ದಕ್ಕೆ. ಗಿರಣಿಗೆ ಹೋಗುವವರು ಹೆಂಗಸರಾದರು ಎಂಬುದನ್ನು ಟಿಕೆಟಿನ ಮಡಿಕೆಯೇ ಹೇಳುತ್ತಿದೆ. ಇದನ್ನು ಯಾವ ಪತ್ರಿಕೆ ಬರೆದೀತು, ನೀನೇ ಹೇಳು.

ಅದಕ್ಕೇ ಆರಿಸಬಾರದು ಎನ್ನುವುದು. ನಾನು ಆರಿಸಿ ಇಟ್ಟರೆ ನೂರು ವರ್ಷದ ಮೇಲೆ ಬರುವವನಿಗೆ ನನ್ನ ವಿಚಾರ ತಿಳಿಯುತ್ತದೆಯೇ ಹೊರತು ಊರಿನ ವಿಚಾರವಲ್ಲ.

ಕ್ರ್ಯಾಬ್‌ಟ್ರೀಯವರು ಗ್ರಂಥಾಲಯ ಸಮಿತಿಗೂ ಅಧ್ಯಕ್ಷರೆಂಬುದು ನಿನಗೆ ಗೊತ್ತೇ ಇದೆ. ಮೊನ್ನೆ ಬಂದಿದ್ದರು. “ಏನ್ರೀ ಸಗ್ಡನ್, ಊರಿನ ಕಸಾನೆಲ್ಲ ಇಲ್ಲೇ ಗುಡ್ಡೆ ಹಾಕಿದೀರಲ್ಲ? ಇಡೀ ಊರೇ ಗುಡಿಸಿದಂಗಾಯ್ತು ಬಿಡಿ. ಆದ್ರೆ ಆ ಯುದ್ಧವಿರೋಧಿಗಳ ಕರಪತ್ರ ಮಾತ್ರ ಯುದ್ಧದ ಕಪಾಟಲ್ಲಿ ನನ್ನ ಕಣ್ಣಿಗೆ ಬೀಳಬಾರ್ದು.” “ಬೀಳೋದಿಲ್ಲ ಸಾರ್” ಎಂದೆ. ಅವರು ಹೋದ ಮೇಲೆ ಮಿಸ್ ಟಾರ್ಡಾಫ್ ಮುಖ ಗಂಟು ಹಾಕಿಕೊಂಡು, “ಬೆಂಕಿಗೆ ಹಾಕ್ಲಾ?” ಎಂದಳು. “ಕೃಷಿ ವಿಭಾಗಕ್ಕೆ ಹಾಕಮ್ಮ. ಬಂಜರು ಭೂಮಿ ಅಂತ ಬರಿ. ಅವರು ಬಟ್ಟೆ ವ್ಯಾಪಾರಿ, ಆ ಕಡೆ ತಲೆ ಹಾಕೋರಲ್ಲ” ಎಂದೆ. ನಿನ್ನ 611 ಕೂಡ ಅವುಗಳ ಜೊತೆ ಈಗ ಗೊಬ್ಬರದ ಪುಸ್ತಕಗಳ ಪಕ್ಕದಲ್ಲಿ ಸುಖವಾಗಿದೆ.

ಇನ್ನೊಂದು ಸಂಗತಿ. ನಿನ್ನಮ್ಮ ಕೇಕು ಸುತ್ತುವುದು ಯಾವತ್ತೂ ಹಳೆಯ ಪತ್ರಿಕೆಯಲ್ಲಿ. ನನ್ನ ಪ್ರಕಟಣೆ ಇದ್ದದ್ದು ಅವತ್ತಿನದೇ ಪತ್ರಿಕೆಯಲ್ಲಿ, ನಾನಿನ್ನೂ ಓದಿಯೂ ಇರಲಿಲ್ಲ. ಕೇಳಿದೆ. “ಕೈಗೆ ಸಿಕ್ಕಿದ್ದು ಸುತ್ತಿದೆ” ಎಂದಳು, ಮುಖ ಒಲೆಯ ಕಡೆಗಿತ್ತು.

ಹಾಳೆಗಳು ಹಾರಬಾರದೆಂದು ಮೇಜಿನ ಮೇಲೆ ನಿನ್ನ ಕಲ್ಲನ್ನೇ ಇಟ್ಟಿದ್ದೇನೆ. ಮೈ ನೋಡಿಕೊ.

ಏಬೆಲ್ ಸಗ್ಡನ್


ಕೆಲಸದ ಶಿಬಿರ,
4 ನವೆಂಬರ್ 1917

ಅಪ್ಪಾ,

ನಿಮ್ಮ ಪತ್ರ ‘ಮಾನ್ಯ’ ಎಂದು ಶುರುವಾಗಿ ನಡುವೆ ಎಲ್ಲೋ ‘ನೀನು’ ಆಗಿದ್ದನ್ನು ನೋಡಿದೆ. ನೀವು ನೋಡಿಕೊಂಡಿರಲಿಕ್ಕಿಲ್ಲ. ತಿದ್ದಬೇಡಿ.

ನನ್ನ ಕಲ್ಲು ಎಂದಿರಲ್ಲ, ಯಾವ ಕಲ್ಲು? ಇಲ್ಲಿ ದಿನಕ್ಕೆ ಮೂರು ಬಂಡಿ ಒಡೆಯುತ್ತೇನೆ, ಅಲ್ಲಿಗೆ ಯಾವುದನ್ನೂ ಕಳಿಸಿದ ನೆನಪಿಲ್ಲ.

ಟಿಕೆಟಿನ ಮಡಿಕೆಯ ಮಾತು ಇಲ್ಲಿ ಎಲ್ಲರಿಗೂ ಹೇಳಿದೆ. ಈಗ ಶಿಬಿರದಲ್ಲಿ ಏನು ಬಿದ್ದಿದ್ದರೂ ತಿರುಗಿಸಿ ನೋಡುವ ಹುಚ್ಚು ಹತ್ತಿದೆ. ನನ್ನ ಕಡೆಯಿಂದ ಒಂದು ಕಾಣಿಕೆ: ಒಂದೇ ಸಾಬೂನಿನ ಮೂರು ಜಾಹೀರಾತು, 1914, 15 ಮತ್ತು 17ರವು. ಬೆರಳಲ್ಲಿ ಹಿಡಿದು ನೋಡಿ. ಮೊದಲನೆಯದು ದಪ್ಪ, ಕೊನೆಯದರ ಆಚೆಗೆ ದೀಪ ಕಾಣುತ್ತದೆ. ಅಕ್ಷರಗಳ ಅಂಚನ್ನೂ ನೋಡಿ. ಮೊಳೆಗಳು ಸವೆದು ‘ಎ’ ಅಕ್ಷರದ ಹೊಟ್ಟೆಯಲ್ಲಿ ಮಸಿ ತುಂಬಿಹೋಗಿದೆ. ಹೊಸ ಮೊಳೆ ಎರಕ ಹೊಯ್ಯಲು ಸೀಸ ಸಿಗುತ್ತಿಲ್ಲ, ಅದೆಲ್ಲ ಗುಂಡಾಗಿ ಹೋಗುತ್ತಿದೆ. ಮೇಲೆ ಬರೆದಿರುವುದು ಮಾತ್ರ ಮೂರರಲ್ಲೂ ಒಂದೇ: “ಎಂದಿನಂತೆ ಅದೇ ಗುಣಮಟ್ಟ!”

ಇವನ್ನು ಜೋಡಿಸುವಾಗ ಹೋಲ್‌ರಾಯ್ಡ್‌ರ ಅಚ್ಚುಕೂಟದ ಮಸಿಯ ವಾಸನೆ ನೆನಪಾಯಿತು, ಹಾಗೆಯೇ ಸಂಕಟವೂ ಆಯಿತು. ಅಪ್ಪಾ, ಹಿಂದಿನ ಪತ್ರದಲ್ಲಿ ಆ ಹಾಳೆಯ ಬಗ್ಗೆ ಬರೆದಿದ್ದೆ. ನೀವು ಎಲ್ಲದಕ್ಕೂ ಉತ್ತರಿಸಿದಿರಿ, ಅಂಟಿಗೂ ಸಹ, ಅದೊಂದನ್ನು ಬಿಟ್ಟು. ಯುದ್ಧ ಮುಗಿದ ಮೇಲೆ ಮಂಡಳಿಯ ಕಾಗದಗಳೂ ನಿಮ್ಮ ಕಪಾಟಿಗೆ ಬರಬೇಕಲ್ಲವೇ? ಅವನ್ನು ಬಿಡಬೇಡಿ. ಹೋಲ್‌ರಾಯ್ಡ್ ಅದನ್ನು ಯಾಕೆ ಬರೆದರೆಂದು ನನಗೆ ತಿಳಿಯಬೇಕು. ಸಿಟ್ಟಿಗಲ್ಲ, ನಿಜವಾಗಿ ತಿಳಿಯಬೇಕು ಅಷ್ಟೇ. ಕಲ್ಲು ಒಡೆಯುವಾಗ ತಲೆ ಖಾಲಿ ಇರುತ್ತದೆ, ಅಲ್ಲಿ ಇದೊಂದೇ ಓಡಾಡುತ್ತದೆ.

ನಿಮ್ಮ,
ಹೆಡ್ಲಿ


ಸ್ಕೆಲ್‌ಬೆಕ್,
20 ಏಪ್ರಿಲ್ 1918

ಹೆಡ್ಲಿ,

ಉತ್ತರ ತಡವಾಯಿತು. ಕಾರಣ ಹೇಳಲು ಹೋದರೆ ನಿನ್ನಮ್ಮ ಹೇಳುವುದನ್ನೇ ಹೇಳಬೇಕಾಗುತ್ತದೆ, ಅದು ನನಗೆ ಅಷ್ಟು ಶೋಭೆ ತರುವಂಥದ್ದಲ್ಲ.

ಈ ತಿಂಗಳಿಂದ ನಮ್ಮೂರಿಗೂ ಮಾಂಸದ ರೇಷನ್ ಕಾರ್ಡು ಬಂದಿದೆ. ಸಂಗ್ರಹಕ್ಕೆ ಒಂದು ಬೇಕೆಂದು ಮುಗಿದ ಕಾರ್ಡಿಗಾಗಿ ಕಾಯುತ್ತಿದ್ದೆ. ಹೋದ ಶನಿವಾರ ನಿನ್ನಮ್ಮ ಪೇಟೆಗೆ ಹೋಗುವ ದಾರಿಯಲ್ಲಿ ನನ್ನ ಊಟದ ಡಬ್ಬಿ ಕೊಡಲು ಬಂದವಳು ಕೈಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟು ಮಿಸ್ ಟಾರ್ಡಾಫ್ ಜೊತೆ ಮಾತಿಗೆ ನಿಂತಳು. ನನ್ನ ಮೇಜಿನ ಮೇಲೆ ಬಿದ್ದ ಕಾಗದಕ್ಕೆ ಮುದ್ರೆ ಒತ್ತಿ ಒತ್ತಿ ಕೈಗೆ ಅಭ್ಯಾಸವಾಗಿಬಿಟ್ಟಿದೆ ನೋಡು. ಚೀಲದಿಂದ ಇಣುಕುತ್ತಿದ್ದ ಹೊಸ ಕಾರ್ಡು ಎಳೆದು, ನಾಲ್ಕು ಕಡೆ ‘ಸ್ಕೆಲ್‌ಬೆಕ್ ಗ್ರಂಥಾಲಯದ ಸ್ವತ್ತು’ ಎಂದು ಒತ್ತಿ, 1,204 ಎಂದು ಸಂಖ್ಯೆಯನ್ನೂ ಹಾಕಿಬಿಟ್ಟೆ.

ಅವಳು ನೋಡದೆ ಅದನ್ನೇ ಚೀಲಕ್ಕೆ ಹಾಕಿಕೊಂಡು ಸ್ಯಾಮ್‌ನ ಅಂಗಡಿಯ ಸಾಲಿನಲ್ಲಿ ಒಂದು ಗಂಟೆ ನಿಂತಳು. ಅವನು ಕಾರ್ಡು ನೋಡಿ ಎಲ್ಲರಿಗೂ ಕೇಳುವ ಹಾಗೆ, “ಅಮ್ಮಾ, ಇದು ಲೈಬ್ರರಿ ಸ್ವತ್ತು ಅಂತ ಇದೆ. ಒಂದ್ ಪುಸ್ತಕ ತಗೊಂಡೋಗಿ ಬೇಯಿಸ್ಕೊಳ್ಳಿ” ಎಂದನಂತೆ. ಮನೆಗೆ ಬಂದವಳು ಕಾರ್ಡನ್ನು ನನ್ನ ತಟ್ಟೆಗೇ ಹಾಕಿದಳು. “ನೂರು ವರ್ಷ ಆದ್ಮೇಲೆ ಹುಟ್ಟೋರಿಗೆಲ್ಲ ಎಲೆ ಹಾಕಿ ಬಡಿಸ್ತೀರಿ. ಇವತ್ತಿನ ನನಗೆ?” ಹೊಸ ಕಾರ್ಡು ಬರಲು ಮೂರು ವಾರ ಬೇಕಂತೆ. ಅಲ್ಲಿಯವರೆಗೆ ಟರ್ನಿಪ್ ಗಡ್ಡೆಯೇ ಗತಿ. 1,204 ಸಂಗ್ರಹದಲ್ಲಿದೆ. ಬಳಸದೆ ಉಳಿದ ಕಾರ್ಡು ಈ ಜಿಲ್ಲೆಯಲ್ಲಿ ಬೇರೆ ಯಾರ ಬಳಿಯೂ ಇರಲಾರದು ಎಂದು ಸಮಾಧಾನಕ್ಕೆ ಹೇಳಿದೆ. ಹೇಳಬಾರದಿತ್ತು.

ಸಾಬೂನಿನ ಜಾಹೀರಾತುಗಳನ್ನು ಕಿಟಕಿಗೆ ಹಿಡಿದು ನೋಡಿದೆ. ನಿನ್ನ ಕಣ್ಣಿಗೆ ನಮಸ್ಕಾರ.

ಮಂಡಳಿಯ ಕಾಗದಗಳು ಗೋಪ್ಯ. ಅವು ಪುರಸಭೆಯ ಕಾರ್ಯದರ್ಶಿಯ ಬೀರುವಿನಲ್ಲಿವೆ, ನನ್ನ ಕೈಗೆ ಬರುವಂಥವಲ್ಲ. ಅದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ.

ಅಪ್ಪ


ಲೀಡ್ಸ್,
11 ಮೇ 1919

ಅಪ್ಪಾ,

ಬಿಡುಗಡೆಯಾಗಿ ಮೂರು ವಾರವಾಯಿತು. ಇಲ್ಲಿ ಚರ್ಮದ ಗೋದಾಮಿನಲ್ಲಿ ಮೂಟೆ ಕಟ್ಟುವ ಕೆಲಸ ಸಿಕ್ಕಿದೆ. ಅಚ್ಚುಕೂಟಗಳಿಗೆಲ್ಲ ಅಲೆದೆ. “ಯುದ್ಧದಲ್ಲಿ ಎಲ್ಲಿದ್ದೆ?” ಎಂದು ಕೇಳುತ್ತಾರೆ, ಹೇಳುತ್ತೇನೆ, ಬಾಗಿಲು ತೋರಿಸುತ್ತಾರೆ. ಇಲ್ಲಿ ಯಾರೂ ಕೇಳಲಿಲ್ಲ, ಚರ್ಮದ ನಾತಕ್ಕೆ ಹೆಚ್ಚು ಮಾತಾಡಲು ಯಾರಿಗೂ ಮನಸ್ಸಾಗುವುದಿಲ್ಲ.

ಹೋಲ್‌ರಾಯ್ಡ್ ಪತ್ರ ಬರೆದಿದ್ದರು. “ನಿನ್ನ ಜಾಗ ಹಾಗೇ ಇದೆ, ಬಾ” ಎಂದು. ಎಂಥ ಧೈರ್ಯ ನೋಡಿ! ನನ್ನನ್ನು ಜೈಲಿಗೆ ಕಳಿಸಿದ ಕೈಯಿಂದಲೇ ನನಗೆ ಅನ್ನ ಹಾಕಲು ಹೊರಟಿದ್ದಾರೆ. ಉತ್ತರ ಬರೆಯದೆ ಅದೇ ಪತ್ರವನ್ನು ವಾಪಸು ಕಳಿಸಿದೆ. ಅವರು ಆ ಬೀದಿಯಲ್ಲಿ ಇರುವವರೆಗೆ ನಾನು ಸ್ಕೆಲ್‌ಬೆಕ್‌ಗೆ ಬರುವುದಿಲ್ಲ. ಅಮ್ಮನಿಗೆ ಬೇಜಾರಾಗುತ್ತದೆಂದು ಗೊತ್ತು. ಅವಳೇ ರೈಲು ಹತ್ತಿ ಇಲ್ಲಿಗೆ ಬರಲಿ, ನಿಲ್ದಾಣದಲ್ಲಿ ಒಳ್ಳೆಯ ಚಹಾ ಸಿಗುತ್ತದೆ. ನೀವೂ ಬನ್ನಿ.

ಯುದ್ಧ ಮುಗಿಯಿತಲ್ಲ, ನಿಮ್ಮ ಸಂಗ್ರಹವೂ ಮುಗಿಯಿತೇ?

ಹೆಡ್ಲಿ


ಸ್ಕೆಲ್‌ಬೆಕ್,
7 ಮೇ 1922

ಮಗನೇ,

ಮೂರು ವರ್ಷದಲ್ಲಿ ನಿನಗೆ ಹನ್ನೆರಡು ಪತ್ರ ಬರೆದೆ. ಹವಾಮಾನ, ಅಮ್ಮನ ಮಂಡಿನೋವು, ಮಿಸ್ ಟಾರ್ಡಾಫ್‌ಳ ಹೊಸ ಟೋಪಿ, ಇವೇ ಇದ್ದವು. ಇದು ಹದಿಮೂರನೆಯದು. ಹಿಂದಿನ ಹನ್ನೆರಡನ್ನೂ ಇದನ್ನು ಬರೆಯಲಾರದೆ ಬರೆದೆ ಎಂದು ತಿಳಿ.

ಹೋದ ವಾರ ಪುರಸಭೆಗೆ ಮೇಲಿನಿಂದ ಆದೇಶ ಬಂತು. ವಿನಾಯಿತಿ ಮಂಡಳಿಯ ಕಾಗದಗಳನ್ನೆಲ್ಲ ನಾಶ ಮಾಡಬೇಕಂತೆ. ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಬಾಯ್ಲರ್ ಇರುವುದು ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಹಾಗಾಗಿ ಮೂರು ಗೋಣಿಚೀಲ ನನ್ನ ಬಾಗಿಲಿಗೇ ಬಂದವು. ಮೇಲಿನ ಮಹಡಿಯಲ್ಲಿ ಎಂಟು ಸಾವಿರ ಚೂರು ಕಾಗದವನ್ನು ಪೊರೆಯುತ್ತಿರುವವನಿಗೆ ಕೆಳಗೆ ಬೆಂಕಿ ಹಾಕುವ ಕೆಲಸ. ಕಾರ್ಯದರ್ಶಿಯ ಗುಮಾಸ್ತ ಲೆಕ್ಕ ಒಪ್ಪಿಸಲು ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದ. ಬೇಡವೆಂದು ಜಗಳವಾಡಿದೆ. ಒಂದು ಚೀಲವನ್ನಾದರೂ ಬಿಡಿ ಎಂದೆ. “ಆರ್ಡರ್ ಅಂದ್ರೆ ಆರ್ಡರ್ ಸಾರ್” ಎಂದ. ಒಂದೊಂದೇ ಹಿಡಿ ತೆಗೆದು ಹಾಕಿದೆ. ಹಾಕುವ ಮೊದಲು ಒಂದೊಂದನ್ನೂ ತಿರುಗಿಸಿ ನೋಡಿದೆ. ಬೇಕರಿಯವನ ಅರ್ಜಿ, ಕುರುಡಿ ತಾಯಿಯ ಒಬ್ಬನೇ ಮಗನ ಅರ್ಜಿ, ಕಾಲು ಊನವೆಂದು ಸುಳ್ಳು ಹೇಳಿದವನದು, ನಿಜ ಹೇಳಿದವನದು. ಊರಿನ ಗಂಡಸರೆಲ್ಲ ಅಲ್ಲಿದ್ದರು. ಅಷ್ಟೂ ನನ್ನ ಕೈಯಿಂದಲೇ ಹೋದವು.

ಎರಡನೆಯ ಚೀಲದಲ್ಲಿ ನಿನ್ನ ಕಟ್ಟು ಸಿಕ್ಕಿತು. ನೀನು ಓದಬೇಕೆಂದಿದ್ದ ಹಾಳೆ ಅದರಲ್ಲಿತ್ತು.

ಅದು ಹೋಲ್‌ರಾಯ್ಡ್ ಬರೆದದ್ದಲ್ಲ. ನಾನು ಬರೆದದ್ದು.

ಕ್ರ್ಯಾಬ್‌ಟ್ರೀ ನನ್ನನ್ನು ಕರೆಸಿದ್ದರು. “ನಿಮ್ಮ ಮಗನ ವಿಚಾರ ನನ್ನ ಮುಂದೆ ಬರ್ತಿದೆ. ನಿಮ್ಮ ಕೆಲಸದ ವಿಚಾರಾನೂ ಸಮಿತಿ ಮುಂದೆ ಬರುತ್ತೆ. ಎರಡೂ ಒಂದೇ ತಿಂಗಳು” ಎಂದರು. ಅಷ್ಟೇ ಅಂದದ್ದು. ಬೆದರಿಸಿದರು ಎನ್ನಲು ಅಷ್ಟು ಸಾಕ್ಷಿ ಸಾಲದು. ನನಗೆ ಹೆದರಲು ಅಷ್ಟು ಸಾಕಾಯಿತು. ಹಾಳೆಯಲ್ಲಿರುವುದು ಇದು: “ನನ್ನ ಮಗ ಇಂಥ ಅಭಿಪ್ರಾಯವನ್ನು ಈ ಹಿಂದೆ ನನ್ನ ಮನೆಯಲ್ಲಿ ಹೇಳಿದ್ದು ನೆನಪಿಲ್ಲ. ಮಂಡಳಿಯ ತೀರ್ಮಾನಕ್ಕೆ ನನ್ನ ಆಕ್ಷೇಪವಿಲ್ಲ. ನನ್ನ ಹೆಸರನ್ನು ಸಭೆಯಲ್ಲಿ ಓದಬಾರದೆಂದು ಕೋರಿಕೆ.” ಕೆಳಗೆ ನನ್ನ ಸಹಿ, ಚೆನ್ನಾಗಿಯೇ ಬಂದಿದೆ.

ಈಗ ಹಿಂಬದಿ. ನಾನು ಮೊದಲು ಬರೆದದ್ದು ಅಲ್ಲಿ. ಬರೆದು, ಅಡ್ಡಗೆರೆ ಎಳೆದು, ಹಾಳೆ ತಿರುಗಿಸಿ ಎರಡನೆಯದನ್ನು ಬರೆದೆ. ಕಾಗದ ದುಬಾರಿ, ಉಳಿತಾಯವಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಮಂಡಳಿಯ ಐದು ಜನರಲ್ಲಿ ಒಬ್ಬನಾದರೂ ತಿರುಗಿಸಿ ನೋಡಲಿ, ನಾನು ಹೇಳಲಾರದ್ದನ್ನು ಹಾಳೆಯೇ ಹೇಳಲಿ ಎಂಬ ಆಸೆ ಇತ್ತು. ಯಾರೂ ತಿರುಗಿಸಲಿಲ್ಲ. ಸಂಗ್ರಹ ಶುರುಮಾಡಿದಾಗ ಚೀಟಿಯಲ್ಲಿ ‘ಹಿಂಬದಿಯಲ್ಲಿ ಏನಿದೆ’ ಎಂಬ ಸಾಲನ್ನು ಸೇರಿಸಿದ್ದು ಅದಕ್ಕೇ. ಬೇರೆ ಗ್ರಂಥಾಲಯಗಳಲ್ಲಿ ಆ ಸಾಲು ಇಲ್ಲ. ಎಲ್ಲರೂ ಹೊಗಳಿದರು, ನಾನು ಹೊಗಳಿಸಿಕೊಂಡೆ.

ಗೆರೆಯ ಕೆಳಗೆ ಇರುವುದನ್ನು ನಕಲು ಮಾಡಿದ್ದೇನೆ:

“ಆಗ ಇವನಿಗೆ ಎಂಟು ವರ್ಷ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ ಗೆಲುವಿನ ಸುದ್ದಿ ಬಂದ ದಿನ ಪೇಟೆಯ ಚೌಕದಲ್ಲಿ ಶತ್ರುವಿನ ಹುಲ್ಲಿನ ಬೊಂಬೆ ನಿಲ್ಲಿಸಿ, ಮಕ್ಕಳ ಕೈಗೆ ಒಂದೊಂದು ಕಲ್ಲು ಕೊಟ್ಟರು. ಎಲ್ಲ ಮಕ್ಕಳೂ ಎಸೆದರು. ಇವನು ಕಲ್ಲನ್ನು ಜೇಬಿಗೆ ಹಾಕಿಕೊಂಡ. ಯಾಕೆಂದು ಕೇಳಿದೆ. ‘ಅದಕ್ಕೂ ಮುಖ ಇದೆಯಲ್ಲ ಅಪ್ಪಾ’ ಎಂದ. ಜನ ನಗತೊಡಗಿದರು. ನಾನು ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಬಂದೆ. ಇವನ ಮನಸ್ಸಾಕ್ಷಿ ಸೈನ್ಯದ ಕರೆಗಿಂತ ಹದಿನಾರು ವರ್ಷ ಹಳೆಯದು. ಇದಕ್ಕೆ ನಾನು ಸಾಕ್ಷಿ.”

ಅವರು ನಿನ್ನನ್ನು ಕೇಳಿದ ನಿದರ್ಶನ ನನ್ನ ಬಳಿ ಇತ್ತು. ಕಲ್ಲು ನನ್ನ ಮೇಜಿನ ಮೇಲೇ ಇತ್ತು.

ಗುಮಾಸ್ತ ಆ ಹೊತ್ತಿಗೆ ಚಹಾಕ್ಕೆ ಎದ್ದುಹೋಗಿದ್ದ. ಬಾಯ್ಲರಿನ ಬಾಗಿಲು ತೆರೆದಿತ್ತು. ಒಂದು ಕ್ಷಣ ಕೈ ಮುಂದೆ ಹೋದದ್ದೂ ನಿಜ. ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹೋಲ್‌ರಾಯ್ಡ್ ಸಾಯುವವರೆಗೂ ನಿನ್ನ ಶತ್ರುವಾಗಿ ಇರುತ್ತಿದ್ದರು. ನನಗೆ ಏನನ್ನಾದರೂ ಉಳಿಸುವ ಅವಕಾಶ ಸಿಕ್ಕಿದ್ದು ಅದೊಂದೇ ಗಳಿಗೆ. ಉಳಿದದ್ದೆಲ್ಲ ಸುಟ್ಟೆ. ಎಲ್ಲಕ್ಕಿಂತ ಹೆಚ್ಚಾಗಿ ಸುಡಬೇಕೆನಿಸಿದ ಇದೊಂದನ್ನು ಕೋಟಿನೊಳಗೆ ಇಟ್ಟುಕೊಂಡೆ.

ಬೆಳಿಗ್ಗೆ ಮಿಸ್ ಟಾರ್ಡಾಫ್‌ಳ ಕೈಗೆ ಕೊಟ್ಟೆ. ಎರಡೂ ಬದಿ ಓದಿದಳು. ಹೊಸ ಚೀಟಿಯೊಂದನ್ನು ಎಳೆದುಕೊಂಡಳು. ಆಮೇಲೆ, “ಎಲ್ಲಿಡ್ಲಿ ಸಾರ್? ಕೃಷೀಲಾ?” ಎಂದಳು. “ಬೇಡಮ್ಮ. ವಿನಾಯಿತಿ ಮಂಡಳಿ, ಸ್ಕೆಲ್‌ಬೆಕ್, 1916. ಅದರ ಸರಿಯಾದ ಜಾಗದಲ್ಲೇ ಇರಲಿ, ಯಾರು ಕೇಳಿದರೂ ಕೊಡು” ಎಂದೆ. ಆ ಹೆಸರಿನ ಪೆಟ್ಟಿಗೆಯಲ್ಲಿ ಅದೊಂದೇ ಹಾಳೆ.

ಹೋಲ್‌ರಾಯ್ಡ್‌ರ ಬಳಿಗೂ ಹೋಗಿದ್ದೆ. ಎಲ್ಲ ಹೇಳಿದೆ. ಅವರು ಕೈಗೆ ಮೆತ್ತಿದ ಮಸಿ ಒರೆಸುತ್ತಾ ಕೇಳಿಸಿಕೊಂಡು, “ಅಷ್ಟೇನಾ? ನಾನು ಆಗ ಕೊಡ್ತಿದ್ದ ಸಂಬಳ ಹುಡುಗನಿಗೆ ಸಾಲದೆ ಬೇಜಾರಾಯ್ತೇನೋ ಅಂತ ಮೂರು ವರ್ಷದಿಂದ ನಿದ್ದೆಗೆಟ್ಟಿದ್ದೆ” ಎಂದರು. ನಿನ್ನಮ್ಮನಿಗೂ ಹೇಳಿದೆ. ಎರಡು ದಿನದಿಂದ ಮಾತಾಡಿಲ್ಲ. ಅಡುಗೆ ಮಾಡಿ ಬಡಿಸುತ್ತಾಳೆ, ಉಪ್ಪು ಹಾಕುವುದಿಲ್ಲ.

ಕ್ಷಮಿಸೆಂದು ಕೇಳುವ ಮುಖ ನನಗಿಲ್ಲ. ನೀನು ನಿಜ ತಿಳಿಯಬೇಕೆಂದಿದ್ದೆ, ಅದನ್ನು ತಲುಪಿಸಿದ್ದೇನೆ. ಕಲ್ಲನ್ನು ಬೇರೆ ಪೊಟ್ಟಣದಲ್ಲಿ ಕಳಿಸುತ್ತಿದ್ದೇನೆ, ಅದು ನಿನ್ನದು.

ನಿನ್ನ ಅಪ್ಪ,
ಏಬೆಲ್ ಸಗ್ಡನ್


ಲೀಡ್ಸ್,
28 ಮೇ 1922

ಹೆಡ್ಲಿ ಸಗ್ಡನ್, ಸ್ವಂತ ಸಂಗ್ರಹ
ಸ್ವೀಕೃತಿ ಚೀಟಿ ಸಂಖ್ಯೆ 1

ಕೊಟ್ಟವರು: ಶ್ರೀ ಏಬೆಲ್ ಸಗ್ಡನ್
ವಸ್ತು: ಪತ್ರ ಒಂದು, ಕಲ್ಲು ಒಂದು
ಎಲ್ಲಿತ್ತು: ಇಷ್ಟು ವರ್ಷ ಬರೆದವರ ಎದೆಯಲ್ಲೇ
ಬಂದ ಸ್ಥಿತಿ: ಪತ್ರ ಆರು ವರ್ಷ ತಡ, ಓದಬಹುದು. ಕಲ್ಲಿಗೆ ಏನೂ ಆಗಿಲ್ಲ
ಹಿಂಬದಿಯಲ್ಲಿ ಏನಿದೆ: ಹೆಗಲ ಮೇಲೆ ಹೊತ್ತು ತಂದದ್ದು
ತೀರ್ಮಾನ: ಇಟ್ಟುಕೊಳ್ಳಲಾಗಿದೆ

ಅಪ್ಪಾ, ಮೂರು ವಾರ ಬೇಕಾಯಿತು. ಮೊದಲ ವಾರ ನಿಮ್ಮ ಪತ್ರವನ್ನು ಒಲೆಗೆ ಹಾಕಲು ಎರಡು ಸಲ ಎದ್ದೆ. ಎರಡನೆಯ ವಾರ ಕಲ್ಲು ಬಂತು. ಜೇಬಿಗೆ ಹಾಕಿಕೊಂಡು ಓಡಾಡಿದೆ. ಚೌಕ ಇನ್ನೂ ನೆನಪಾಗಿಲ್ಲ, ಬೊಂಬೆಯೂ ಇಲ್ಲ. ನಿಮ್ಮ ಹೆಗಲ ಮೇಲೆ ಕೂತಾಗ ಅಂಗಡಿಗಳ ಮಾಡು ಕೈಗೆ ಸಿಗುತ್ತಿದ್ದದ್ದು ಮಾತ್ರ ನೆನಪಾಯಿತು. ಸಿಟ್ಟು ಹೋಗಿಲ್ಲ, ಅದನ್ನೂ ಬರೆದುಕೊಳ್ಳಿ.

ಈ ಚೀಟಿಯನ್ನು ಅಚ್ಚು ಮಾಡಿದ್ದು ನಾನೇ. ಮೊಳೆ, ಕಾಗದ, ಮಸಿ ಎಲ್ಲ ಹೋಲ್‌ರಾಯ್ಡ್‌ರದು. ನಿನ್ನೆ ಮಧ್ಯಾಹ್ನ ಸ್ಕೆಲ್‌ಬೆಕ್‌ಗೆ ಬಂದು ಅವರ ಬಾಗಿಲು ತಟ್ಟಿದೆ. ಮುಂದಿನ ಸೋಮವಾರದಿಂದ ಕೆಲಸ. ಗ್ರಂಥಾಲಯದವರೆಗೂ ನಡೆದು ಬಂದೆ, ಕಿಟಕಿಯಲ್ಲಿ ನೀವು ಯಾವುದೋ ಹಾಳೆಯನ್ನು ತಿರುಗಿಸಿ ನೋಡುತ್ತಿದ್ದಿರಿ. ಒಳಗೆ ಬರಲಿಲ್ಲ, ವಾಪಸು ರೈಲು ಹತ್ತಿದೆ.

ಭಾನುವಾರ ಊಟಕ್ಕೆ ಬರುತ್ತೇನೆ. ಅಮ್ಮನಿಗೆ ಉಪ್ಪು ಹಾಕಲು ಹೇಳಿ.

ಹೆಡ್ಲಿ